ಗೊತ್ತಿಲ್ಲ ಎನ್ನಲು ಬಾರದ ಯಂತ್ರ

ನಮ್ಮ ಸೇಡಂ ಸೀಮೆಯಲ್ಲಿ ನೀವು ಯಾರ ಮನೆಗಾದರೂ ಹೋದಾಗ ‘ಚಹಾ ಕುಡೀತೀರೇನ್ರಿ?’ ಎಂದು ಕೇಳಿದರೆ, ಮೊದಲ ಸಲ ‘ಬ್ಯಾಡ್ರಿ, ಈಗರೇ ಕುಡದು ಬಂದೀನ್ರಿ’ ಎನ್ನಬೇಕು. ಹಾಗೆನ್ನದೆ ಒಮ್ಮೆಲೇ ‘ಹೂಂ, ತರ್ರಿ’ ಎಂದಿರೋ, ಇವರು ಎಲ್ಲಿಯವರಪ್ಪಾ ಎಂದು ಒಳಗಿನವರು ತಮ್ಮತಮ್ಮಲ್ಲೇ ನಕ್ಕಾರು. ನಿಮ್ಮ ‘ಬ್ಯಾಡ್ರಿ’ ಅಡುಗೆಮನೆಯನ್ನು ತಲುಪುವ ಮೊದಲೇ ಅಲ್ಲಿ ಸ್ಟವ್ವಿಗೆ ಪಂಪು ಹೊಡೆಯುವ ಸದ್ದು ಕೇಳಿಸುತ್ತಿರುತ್ತದೆ. ಹೊರಗಿನ ಬಿಸಿಲು, ನಿಮ್ಮ ಬಾಡಿದ ಮುಖ, ನೀವು ನಡೆದುಬಂದ ದೂರ, ನಿಮ್ಮ ಮನೆಯವರಿಗೂ ತಮಗೂ ಇರುವ ಬಳಕೆ, ಇಷ್ಟನ್ನೂ ಒಂದು ಗಳಿಗೆಯಲ್ಲಿ ಅಳೆದು, ಈ ಬೇಡವು ಬೇಡವಲ್ಲ ಎಂದು ಮನೆಯಾಕೆ ತೀರ್ಮಾನಿಸಿರುತ್ತಾಳೆ. ಅವಳ ಜಾಗದಲ್ಲಿ ಒಂದು ಯಂತ್ರವನ್ನು ನಿಲ್ಲಿಸಿದ್ದರೆ ನಮ್ಮೂರಿನ ಅರ್ಧಕ್ಕರ್ಧ ಅತಿಥಿಗಳು ಒಣಗಿದ ಗಂಟಲಲ್ಲೇ ಮನೆಗೆ ಮರಳುತ್ತಿದ್ದರು.

ಯಂತ್ರದ ಮಾತು ಸುಮ್ಮನೆ ತೆಗೆಯಲಿಲ್ಲ. ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ನಾನು ಗಣಿತ ಕಲಿಸುತ್ತಿದ್ದ ಕಾಲೇಜಿಗೆ ಒಂದು ಕಂಪ್ಯೂಟರ್ ಬಂತು. ಅದಕ್ಕೊಂದು ಕೋಣೆ, ಕೋಣೆಗೊಂದು ಪರದೆ, ಯಂತ್ರಕ್ಕೊಂದು ಹಳದಿ ಬಟ್ಟೆಯ ಮುಸುಕು. ಒಳಗೆ ಹೋಗುವವರು ಚಪ್ಪಲಿ ಬಿಡಬೇಕು, ಜೋರಾಗಿ ಮಾತಾಡಬಾರದು. ಗಣಿತದವಳೆಂಬ ಒಂದೇ ಕಾರಣಕ್ಕೆ ಅದರ ಕೀಲಿಕೈ ನನ್ನ ಕೊರಳಿಗೆ ಬಿತ್ತು; ನಾನೂ ಮುಖ ಸಿಂಡರಿಸಿದಂತೆ ಮಾಡಿ ಒಳಗೊಳಗೇ ಹಿಗ್ಗಿದೆ. ಯಂತ್ರದ ಜೊತೆಗೆ ಬಂದಿದ್ದ ದಪ್ಪ ಪುಸ್ತಕಗಳಲ್ಲಿ ಒಂದು ಪ್ರೊಲಾಗ್ ಎಂಬ ಭಾಷೆಯದು. ಉಳಿದ ಭಾಷೆಗಳಲ್ಲಿ ಯಂತ್ರಕ್ಕೆ ಹೀಗೆ ಮಾಡು, ಹಾಗೆ ಮಾಡು ಎಂದು ಹೆಜ್ಜೆಹೆಜ್ಜೆಗೂ ಅಪ್ಪಣೆ ಕೊಡಬೇಕು. ಇದರಲ್ಲಿ ಅಪ್ಪಣೆಯ ಗೊಡವೆಯೇ ಇಲ್ಲ. ಲೋಕದಲ್ಲಿ ಏನೇನು ನಿಜವೋ ಅದನ್ನು ಹೇಳು, ಯಾವುದರಿಂದ ಯಾವುದು ಹುಟ್ಟುತ್ತದೆಂಬ ನಿಯಮಗಳನ್ನು ಹೇಳು, ಆಮೇಲೆ ಕೇಳು. ತರ್ಕ ತಾನಾಗಿ ಉತ್ತರ ಹುಡುಕಿಕೊಳ್ಳುತ್ತದೆ. ಗಣಿತದವರ ಬಾಯಲ್ಲಿ ನೀರೂರಿಸಲು ಇನ್ನೇನು ಬೇಕು ಹೇಳಿ.

ಪುಸ್ತಕದ ಮೊದಲ ಪಾಠವೇ ಬಂಧುಬಳಗದ್ದು. ಇವನು ಇವಳ ತಂದೆ, ಅವಳು ಇವನ ತಾಯಿ ಎಂದು ಬರೆದುಕೊಟ್ಟರೆ ಅಜ್ಜ ಯಾರು, ಚಿಕ್ಕಪ್ಪ ಯಾರು ಎಂದು ಯಂತ್ರವೇ ಹೇಳುತ್ತದಂತೆ. ನಾನು ಉತ್ಸಾಹದಿಂದ ನಮ್ಮ ಮನೆತನವನ್ನೇ ಬರೆದುಕೊಟ್ಟೆ. ಆದರೆ ಆ ಪುಸ್ತಕ ಬರೆದ ಪುಣ್ಯಾತ್ಮನ ಊರಿನಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿ ಇರಲಿಕ್ಕಿಲ್ಲ. ನಮ್ಮವ್ವನ ತಮ್ಮ ನಮ್ಮಕ್ಕನ ಗಂಡ; ಅವನು ನನಗೆ ಮಾವನೂ ಹೌದು, ಭಾವನೂ ಹೌದು. ಅವನ ಮಗಳು ನನಗೆ ಏನಾಗಬೇಕೆಂದು ಕೇಳಿದರೆ ಯಂತ್ರ ಒಂದಾದ ಮೇಲೊಂದು ಉತ್ತರ ಕೊಡುತ್ತಲೇ ಹೋಯಿತು. ಅದನ್ನಾದರೂ ಸಹಿಸಬಹುದಿತ್ತು. ‘ಇವರು ಅವರ ಬಳಗವಾದರೆ, ಅವರೂ ಇವರ ಬಳಗ’ ಎಂಬ ಮುಗ್ಧವಾದ ನಿಯಮವೊಂದನ್ನು ಸೇರಿಸಿದೆ ನೋಡಿ, ಅಲ್ಲಿಗೆ ಕೆಟ್ಟಿತು. ಇವರು ಬಳಗವೇ ಎಂದು ತಿಳಿಯಲು ಅವರನ್ನು ಕೇಳು, ಅವರು ಬಳಗವೇ ಎಂದು ತಿಳಿಯಲು ಇವರನ್ನು ಕೇಳು ಎಂದು ಅದು ಗಾಣದೆತ್ತಿನಂತೆ ತನ್ನ ಸುತ್ತಲೇ ಸುತ್ತಿ, ಕಡೆಗೆ ನೆನಪಿನ ಜಾಗವೆಲ್ಲ ತುಂಬಿ ನಿಂತುಬಿಟ್ಟಿತು.

ವಾಡಿ ಜಂಕ್ಷನ್ನಿನಲ್ಲಿ ಗಾಡಿಗಾಗಿ ಕಾಯುವ ನಮ್ಮ ಹೆಂಗಸರು ಇದೇ ಲೆಕ್ಕವನ್ನು ದಿನವೂ ಮಾಡುತ್ತಾರೆ. ‘ನಿಮ್ಮೂರು ಯಾವುದ್ರಿ?’ ‘ತೆಂಗಳಿರಿ.’ ‘ತೆಂಗಳ್ಯಾಗ ನಮ್ಮ ನಾದಿನಿಗಿ ಕೊಟ್ಟಾರಲ್ರಿ!’ ಎಂದು ಶುರುವಾದ ವಿಚಾರಣೆ ಚಿತ್ತಾಪುರ, ಶಹಾಬಾದಗಳನ್ನು ಸುತ್ತಿಕೊಂಡು, ಇಬ್ಬರೂ ಯಾವುದೋ ದಾರಿಯಿಂದ ಬೀಗರಾಗುವವರೆಗೂ ನಡೆಯುತ್ತದೆ. ಅವರೂ ಸುತ್ತಿಬಳಸಿ ಹೋಗುತ್ತಾರೆ, ಹೋದ ದಾರಿಯಲ್ಲೇ ಮತ್ತೆ ಹೋಗುತ್ತಾರೆ. ಆದರೆ ಗಾಡಿ ಬಂದರೆ ಥಟ್ಟನೆ ನಿಲ್ಲಿಸಿ, ‘ಏನೋ ಒಂದು ಆಗ್ತೀವಿ ಬಿಡ್ರಿ’ ಎಂದು ನಕ್ಕು ಗಂಟು ಎತ್ತಿಕೊಂಡು ಹತ್ತುತ್ತಾರೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಯಂತ್ರಕ್ಕೆ ನಾನೇ ಕಲಿಸಬೇಕಾಯಿತು, ಅದಕ್ಕೆ ನನಗೆ ಒಂದು ವಾರ ಹಿಡಿಯಿತು.

ಇಷ್ಟು ಪೆಟ್ಟು ತಿಂದವಳು ಸುಮ್ಮನಿರಬೇಕಿತ್ತು. ಆದರೆ ಅದೇ ಪುಸ್ತಕದ ಹಿಂಭಾಗದಲ್ಲಿ ತಜ್ಞವ್ಯವಸ್ಥೆ ಎಂಬುದರ ವರ್ಣನೆಯಿತ್ತು. ಒಬ್ಬ ನುರಿತ ವೈದ್ಯನ ತಿಳಿವಳಿಕೆಯನ್ನೆಲ್ಲ ನಿಯಮಗಳಾಗಿ ಯಂತ್ರಕ್ಕೆ ಇಳಿಸಿದರೆ, ಆ ವೈದ್ಯ ಊರಲ್ಲಿಲ್ಲದಾಗಲೂ ಅವನ ಬುದ್ಧಿ ಊರಲ್ಲಿರುತ್ತದೆ. ಅದನ್ನು ಓದಿದಾಗ ನನಗೆ ರೇವಣಪ್ಪ ಕಾಕಾ ನೆನಪಾದರು. ಅವರು ದನದ ಡಾಕ್ಟರು, ನಮ್ಮಪ್ಪನ ಗೆಳೆಯರು. ಫಟಫಟಿ ಕೆಟ್ಟ ದಿನ ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆ ಚಕ್ಕಡಿಯಲ್ಲಿ, ಚಿಂಚೋಳಿಯ ಗುಡ್ಡಗಳವರೆಗೂ ತಿರುಗುವವರು. ಅವರಿಗೆ ನನ್ನ ಯೋಚನೆ ಹೇಳಿದಾಗ ಕನ್ನಡಕ ಒರೆಸಿಕೊಳ್ಳುತ್ತ, ‘ಛಲೋ ಆಯ್ತವ್ವಾ. ನಾ ಚಿಂಚೋಳಿ ಕಡಿ ಹೋದಾಗ ಸೇಡಮ್ಮಿನ ಎಮ್ಮಿ ಯಾರಿಗೆ ಕೇಳಬೇಕು? ನಿನ್ ಮಷೀನಿಗೆ ಕೇಳ್ಲಿ’ ಎಂದರು. ಅವರ ದನಿಯಲ್ಲಿ ತಮಾಷೆ ಇತ್ತು, ಆಯಾಸವೂ ಇತ್ತು.

ಸಂಜೆ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಅವರು ಹೇಳುತ್ತಿದ್ದರು, ನಾನು ನಿಯಮ ಕಟ್ಟುತ್ತಿದ್ದೆ. ಹಾಲುಜ್ವರದ ಪಾಠ ನನಗೆ ಇನ್ನೂ ಬಾಯಿಪಾಠವಿದೆ.

‘ಹೊಸದಾಗಿ ಈದಿರ್ಬೇಕು. ಭಾಳ ಹಾಲಿನ ದನ ಇರ್ಬೇಕು. ಮೈಯಾಗಿನ ಕ್ಯಾಲ್ಸಿಯಂ ಎಲ್ಲಾ ಕೆಚ್ಚಲಿಗೆ ಇಳದು ಮೈ ಸೋತು ಬಿದ್ದಿರ್ತದ. ಕಿವಿ ತಣ್ಣಗ ಆಗಿರ್ತಾವ, ಕುತ್ತಿಗಿ ಪಕ್ಕಕ್ಕ ಹೊಳ್ಳಿಸಿ ಮಲಗಿರ್ತದ. ಹೆಸರಿಗಷ್ಟೇ ಜ್ವರ.’

‘ಯಾವಾಗಲೂ ಹಿಂಗೇ ಇರ್ತದೇನು ಕಾಕಾ?’

‘ಸಾಮಾನ್ಯ ಹಿಂಗ. ಒಮ್ಮೊಮ್ಮೆ ಇರಂಗಿಲ್ಲ.’

ಈ ‘ಸಾಮಾನ್ಯ’ವನ್ನೂ ‘ಒಮ್ಮೊಮ್ಮೆ’ಯನ್ನೂ ಎಲ್ಲಿ ಇಡಲಿ? ನನ್ನ ತರ್ಕಭಾಷೆಯಲ್ಲಿ ಅವಕ್ಕೆ ಗೂಡಿರಲಿಲ್ಲ. ಒಂದು ಮಾತು ನಿಜ, ಇಲ್ಲವೇ ನಿಜವಲ್ಲ. ನಡುವೆ ನಿಂತು ತಲೆ ಕೆರೆದುಕೊಳ್ಳುವಂತಿಲ್ಲ. ಹೀಗಾಗಿ ಕಾಕಾ ‘ಸಾಮಾನ್ಯ’ ಎಂದಲ್ಲೆಲ್ಲ ನಾನು ಯಾವಾಗಲೂ ಎಂದು ಬರೆದುಕೊಂಡೆ. ಹೊಸದಾಗಿ ಈದಿರಬೇಕು, ಹಾಲು ಹೆಚ್ಚಿರಬೇಕು, ಕಿವಿ ತಣ್ಣಗಿರಬೇಕು, ನೆಲ ಹಿಡಿದಿರಬೇಕು: ನಾಲ್ಕೂ ಸೇರಿದರೆ ಹಾಲುಜ್ವರ. ಹೀಗೆಯೇ ಇನ್ನಷ್ಟು ರೋಗಗಳು. ಒಂದು ಮಳೆಗಾಲ, ಒಂದು ಚಳಿಗಾಲ ಇದರಲ್ಲೇ ಕಳೆದುಹೋದವು. ಕಾಕಾರ ದನವೈದ್ಯದ ಪುಸ್ತಕದಲ್ಲಿದ್ದ ಕಾಯಿಲೆಯ ವಿವರ ಕೊಟ್ಟು ಪರೀಕ್ಷಿಸಿದಾಗಲೆಲ್ಲ ನನ್ನ ಯಂತ್ರ ಸರಿಯಾಗಿಯೇ ಉತ್ತರಿಸಿತು, ಮತ್ತು ನಾನು ಸಿಕ್ಕಸಿಕ್ಕವರ ಮುಂದೆಲ್ಲ ಅದರ ಗುಣಗಾನ ಮಾಡಿದೆ.

ಬೇಸಗೆ ಕಾಲಿಡುತ್ತಿದ್ದ ಒಂದು ಬೆಳಿಗ್ಗೆ ಮಹಬೂಬಬೀ ಖಾಲಾ ಏದುಸಿರು ಬಿಡುತ್ತ ನಮ್ಮ ಬಾಗಿಲಿಗೆ ಬಂದಳು. ನಮ್ಮ ಮನೆಗೆ ಹಾಲು ಹಾಕುತ್ತಿದ್ದವಳು ಅವಳು, ಪಕ್ಕದ ಹಳ್ಳಿಯವಳು. ಗಂಡ ತೀರಿಕೊಂಡ ಮೇಲೆ ಅವಳ ಮನೆ ನಡೆಯುತ್ತಿದ್ದುದು ರಾಣಿ ಎಂಬ ಒಂದೇ ಎಮ್ಮೆಯಿಂದ. ರಾಣಿ ಗಬ್ಬವಾಗಿ ಹಾಲು ಬತ್ತಿಸಿಕೊಂಡಿದ್ದ ಹಿಂದಿನ ಎರಡು ತಿಂಗಳು ನಾವೆಲ್ಲ ಬೇರೆಯವರ ನೀರುಹಾಲು ಕುಡಿಯುತ್ತ, ಅದು ಯಾವಾಗ ಈಯುವುದೋ ಎಂದು ಕಾದಿದ್ದೆವು.

‘ರಾಣಿ ನಿನ್ನೆ ಈದದ ಯವ್ವಾ. ಕರ ಛಂದ ಅದ. ಮುಂಜಾನಿಂದ ಅದು ಏಳವಲ್ದು. ಕಣ್ಣು ತೇಲಸಾಕತ್ತದ. ಡಾಕ್ಟರ್ ಸಾಬ್ ಎಲ್ಲಿ ಅದಾರ? ನಿಮ್ಮ ಅಪ್ಪಗ ಗೊತ್ತಿರ್ತದ ಅಂತ ಓಡಿ ಬಂದೀನಿ.’

ಡಾಕ್ಟರು ಹಿಂದಿನ ದಿನವೇ ಚಿಂಚೋಳಿ ಕಡೆ ಹೋಗಿದ್ದರು. ಮಧ್ಯಾಹ್ನದ ಬಸ್ಸಿಗೆ ಬರಬೇಕು. ಅಲ್ಲಿಯವರೆಗೆ ಕಾಯಲು ಊರಿನವರು ಬಿಡುವಂತಿರಲಿಲ್ಲ. ಎದ್ದೇಳದ ದನಕ್ಕೆ ಕಾಸಿದ ಕಬ್ಬಿಣದಿಂದ ಬರೆ ಹಾಕಿದರೆ ಏಳುತ್ತದೆಂದು ಹಿರಿಯರೆಲ್ಲ ಹೇಳಿದ್ದರು, ಅವಳ ಮೈದುನ ಒಲೆ ಹೊತ್ತಿಸಲು ನಿಂತಿದ್ದನಂತೆ. ‘ನನ್ ರಾಣಿಗಿ ಬರಿ ಹಾಕಬ್ಯಾಡ್ರಿ, ನಾ ಬರೂತನಕ ತಡೀರಿ ಅಂತ ಕೈ ಮುಗದು ಬಂದೀನಿ’ ಎಂದಳು ಖಾಲಾ.

ನನ್ನ ಯಂತ್ರದ ಕಾಲ ಬಂತೆಂದು ನನಗನ್ನಿಸಿತು. ಅವಳನ್ನು ಕಾಲೇಜಿಗೆ ಕರೆದುಕೊಂಡು ಹೋದೆ. ದರ್ಗಾದ ಬಾಗಿಲಲ್ಲಿ ಬಿಡುವಂತೆ ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು, ಅವಳು ಆ ಕೋಣೆಯ ಕುರ್ಚಿಯ ತುದಿಯಲ್ಲಿ ಕುಳಿತಳು. ನಾನು ಪರದೆಯ ಮೇಲೆ ಬಂದ ಪ್ರಶ್ನೆಗಳನ್ನು ಓದಿ ಹೇಳುತ್ತ, ಅವಳ ಉತ್ತರ ಒತ್ತುತ್ತ ಹೋದೆ. ಹೊಸದಾಗಿ ಈದಿದೆಯೇ? ಹೌದು. ನೆಲ ಹಿಡಿದಿದೆಯೇ? ಹೌದು. ಕಿವಿ ತಣ್ಣಗಿವೆಯೇ? ‘ಬರಫದಂಗ ಆಗ್ಯಾವ ಯವ್ವಾ.’ ಹೌದು.

‘ಹ್ವಾದ ಸಲ ಈದಾಗ ಭಾಳ ಹಾಲು ಕೊಡ್ತಿತ್ತೇನು ಖಾಲಾ?’

ಅವಳು ಗಾಬರಿಯಿಂದ ಎರಡೂ ಕೆನ್ನೆಗೆ ಬೆರಳು ಮುಟ್ಟಿಸಿಕೊಂಡಳು. ‘ತೋಬಾ, ತೋಬಾ! ಎಲ್ಲಿ ಭಾಳ? ಏನೋ ಅದರ ಕರದ ಬಾಯಿ ತೊಯ್ಯೂವಷ್ಟು.’

ನಮ್ಮ ಮನೆಗೆ ಬರುತ್ತಿದ್ದುದು ಒಂದು ಚಿಕ್ಕ ತಂಬಿಗೆ ಹಾಲು. ಉಳಿದದ್ದರ ಲೆಕ್ಕ ನನಗೇನು ಗೊತ್ತು? ಎಮ್ಮೆಯ ಒಡತಿಯೇ ಇಲ್ಲವೆಂದ ಮೇಲೆ ಇಲ್ಲ ಎಂದೇ ಒತ್ತಿದೆ. ಮುಂದಿನದೆಲ್ಲ ಕ್ಷಣದಲ್ಲಿ ಮುಗಿಯಿತು. ನಾಲ್ಕು ಕೊಂಡಿಗಳಲ್ಲಿ ಒಂದು ಕಳಚಿತೆಂದು ಯಂತ್ರ ಹಾಲುಜ್ವರವನ್ನು ಕೈಬಿಟ್ಟಿತು. ಇನ್ನುಳಿದ ರೋಗಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಅವನ್ನೂ ಬಿಟ್ಟಿತು. ಕಡೆಗೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಮಾತು ಮೂಡಿತು: ನೋ.

‘ಏನಂತದ ಯವ್ವಾ?’

‘ನೋ ಅಂತದ ಖಾಲಾ.’

‘ನೋ ಅಂದ್ರ ಇಲ್ಲ ಅಂತ ನಂಗೂ ತಿಳೀತದ’ ಎಂದು ಅವಳು ನನ್ನ ಮುಖವನ್ನೇ ನೋಡಿದಳು. ‘ಇಲ್ಲ ಅಂದ್ರ ಏನು? ರಾಣಿ ಉಳಿಯಂಗಿಲ್ಲ ಅಂತಾ?’

ಹಾಗಲ್ಲವೆಂದು ನಾನು ಹೇಳಿದೆ. ಆದರೆ ಹೇಗೆಂದು ತಿಳಿಸಿ ಹೇಳುವುದು? ಆ ಯಂತ್ರದ ಲೋಕ ನಾವು ಹೇಳಿಕೊಟ್ಟಷ್ಟೇ ದೊಡ್ಡದು. ನಾವು ಹೇಳದೆ ಬಿಟ್ಟದ್ದು ಅದರ ಪಾಲಿಗೆ ಲೋಕದಲ್ಲೇ ಇಲ್ಲ. ಯಾವುದನ್ನು ತನ್ನ ನಿಯಮಗಳಿಂದ ಸಾಧಿಸಲಾಗಲಿಲ್ಲವೋ ಅದು ಸುಳ್ಳು ಎಂದು ಅದು ನಂಬಿಬಿಡುತ್ತದೆ. ‘ನನಗೆ ಗೊತ್ತಾಗಲಿಲ್ಲ’ ಎಂಬುದೂ ‘ಅದು ಹಾಗಿಲ್ಲ’ ಎಂಬುದೂ ಅದಕ್ಕೆ ಒಂದೇ. ಈ ಎರಡರ ನಡುವೆ ಎಷ್ಟು ಅಂತರವಿದೆಯೆಂದು ಕಾಯಿಲೆಯವರ ಮಗ್ಗುಲಲ್ಲಿ ಕೂತವರನ್ನು ಕೇಳಬೇಕು. ಪ್ರೊಲಾಗ್ ಪುಸ್ತಕದಲ್ಲಿ ಓದಿದಾಗ ಇದು ನನಗೆ ಬಹಳ ಜಾಣತನದ ಅನುಕೂಲವೆಂದು ತೋರಿತ್ತು. ಆ ದಿನ ಅದರ ಇನ್ನೊಂದು ಮುಖವನ್ನು ಖಾಲಾನ ಕಣ್ಣಿನಲ್ಲಿ ನೋಡಿದೆ. ಯಂತ್ರದ ಮುಸುಕನ್ನೂ ಹಾಕದೆ ಬಾಗಿಲಿಗೆ ಬೀಗ ಜಡಿದು, ಅವಳ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.

ಚಿಂಚೋಳಿಯ ಬಸ್ಸು ಧೂಳೆಬ್ಬಿಸಿಕೊಂಡು ಬಂದಾಗ ನಾವಿಬ್ಬರೂ ಒಂದೇ ಉಸಿರಿಗೆ ಎದ್ದು ನಿಂತೆವು. ಕಾಕಾ ಚೀಲ ಹಿಡಿದು ಇಳಿಯುತ್ತಿದ್ದಂತೆ ನಾನು ನನ್ನ ನಾಲ್ಕು ಪ್ರಶ್ನೆಗಳನ್ನೂ ಉತ್ತರಗಳನ್ನೂ ಒಪ್ಪಿಸಿದೆ. ಅವರು ಮೂರನೆಯದರವರೆಗೆ ತಲೆಯಾಡಿಸಿದರು, ನಾಲ್ಕನೆಯದಕ್ಕೆ ನಿಂತರು. ಆಮೇಲೆ ಖಾಲಾನ ಕಡೆ ತಿರುಗಿ, ಊರ ಸುದ್ದಿ ಕೇಳುವವರಂತೆ ಕೇಳಿದರು:

‘ಹ್ವಾದ ವರ್ಷ ನೀವು ಯಾರ‍್ಯಾರ ಮನಿಗಿ ಹಾಲು ಹಾಕ್ತಿದ್ರಿ ಖಾಲಾ?’

ಅಷ್ಟು ಸಂಕಟದಲ್ಲೂ ಅವಳ ಮುಖ ಸ್ವಲ್ಪ ಅರಳಿತು. ‘ಸ್ಟೇಷನ್ ಮಾಸ್ತರ್ ಮನಿ, ಈ ಯವ್ವನ ಮನಿ, ಪೋಸ್ಟಿನವ್ರು, ಮಸೂತಿ ಬಾಜು ಚಹಾದ ಹೋಟೆಲ್ಲು, ಮಾಸ್ತರ್ ಓಣಿ ಪೂರಾ, ಬ್ಯಾಂಕಿನ ದೊಡ್ಡ ಸಾಬ್ರು, ಮತ್ತ ಸಂಜಿಮುಂದ ಕಿರಾಣಿ ಅಂಗಡಿಯವ್ರು...’ ಬೆರಳು ಮಡಚುತ್ತ ಮಡಚುತ್ತ ಅವಳಿಗೆ ಬೆರಳು ಸಾಲದಾದವು.

‘ಇಷ್ಟೂ ಮನಿಗಿ ಒಂದೇ ಎಮ್ಮಿ?’

‘ಒಂದೇ ಸಾಬ್. ನಮ್ಮ ರಾಣಿ.’

ಕಾಕಾ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಗಲಿಲ್ಲ, ಅಷ್ಟು ಪುಣ್ಯ. ‘ಔಷಧ ಅಂಗಡಿ ತೆರದದೇನು ನೋಡು’ ಎಂದವರು ಆಗಲೇ ನಡೆಯತೊಡಗಿದ್ದರು.

ನೆದರು, ಅಂದರೆ ದೃಷ್ಟಿ, ನಮ್ಮ ಕಡೆಯ ಮನೆಮನೆಯ ಭಯ. ಎಮ್ಮೆ ಹೆಚ್ಚು ಹಾಲು ಕೊಡುತ್ತದೆಂದು ಬಾಯಿಬಿಟ್ಟು ಹೇಳಿದರೆ ಕೆಚ್ಚಲು ಬತ್ತುತ್ತದೆ. ಮಗು ದುಂಡಗಿದೆ ಎಂದರೆ ಸೊರಗುತ್ತದೆ. ತೊಗರಿ ಹುಲುಸಾಗಿದೆ ಎಂದು ಒಪ್ಪಿಕೊಂಡ ರೈತನನ್ನು ನಾನು ಈವರೆಗೆ ನೋಡಿಲ್ಲ; ‘ಏನೋ ಅದರೀ’ ಎನ್ನುವುದೇ ಬಂಪರ್ ಬೆಳೆಯ ವರದಿ. ನಮ್ಮಜ್ಜಿ ನನ್ನ ಗಣಿತದ ಅಂಕಗಳನ್ನು ಕೇಳಿದವರಿಗೆ ‘ಹ್ಯಾಂಗೋ ಪಾಸಾಗ್ಯಾಳ’ ಎಂದೇ ಹೇಳುತ್ತಿದ್ದಳು. ಇದರಲ್ಲೇ ಹುಟ್ಟಿ ಬೆಳೆದವಳು ನಾನು. ಆದರೂ ಯಂತ್ರದ ಮುಂದೆ ಕೂತಾಗ ನನ್ನ ಕಿವಿಯೂ ಯಂತ್ರದ್ದಾಗಿತ್ತು. ತರ್ಕದ ಸರಪಳಿ ಎಷ್ಟೇ ಗಟ್ಟಿಯಿರಲಿ, ಅದರ ಮೊದಲ ಕೊಂಡಿಯನ್ನು ಒಬ್ಬ ಮನುಷ್ಯ ಮತ್ತೊಬ್ಬನ ಕೈಗೆ ಕೊಡಬೇಕು. ಕೊಡುವಾಗ ಅದನ್ನು ಪ್ರೀತಿಯಿಂದಲೋ ಭಯದಿಂದಲೋ ಸೆರಗಿನಲ್ಲಿ ಸುತ್ತಿ ಕೊಡುತ್ತಾನೆ. ಕಾಕಾ ಆ ಸೆರಗನ್ನು ಎಳೆಯಲಿಲ್ಲ. ನೆದರಿಗೆ ಸಿಗದ ದಾರಿಯೊಂದರಿಂದ ಹೋಗಿ ಕೇಳಿದರು, ಅವಳೂ ಸಂತೋಷದಿಂದ ಹೇಳಿದಳು.

ನಾವು ಹಳ್ಳಿ ಸೇರಿದಾಗ ರಾಣಿ ಅಂಗಳದ ಶಹಾಬಾದಿ ಫರಸಿಕಲ್ಲಿನ ಪಕ್ಕದಲ್ಲಿ ಕುತ್ತಿಗೆ ಹೊಟ್ಟೆಯ ಕಡೆ ಹೊಳ್ಳಿಸಿಕೊಂಡು ಬಿದ್ದಿತ್ತು. ಒಲೆಯಲ್ಲಿ ಕಬ್ಬಿಣ ಕೆಂಪಾಗಿತ್ತು. ಮೈದುನ ಅದರ ಹಿಡಿಗೆ ಬಟ್ಟೆ ಸುತ್ತುತ್ತಿದ್ದ. ಕಾಕಾ ಅವನನ್ನು ಬೈಯಲಿಲ್ಲ. ‘ತಮ್ಮಾ, ಅದನ್ನ ಬಾಜುಕಿಟ್ಟು ಇತ್ತ ಬಾ, ನಿನ್ ಕೆಲಸ ಅದ’ ಎಂದು ಕರೆದು, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿದ ಕ್ಯಾಲ್ಸಿಯಂ ಬಾಟಲಿಯನ್ನು ಅವನ ಕೈಗೆ ಕೊಟ್ಟು ಎತ್ತಿ ಹಿಡಿಸಿದರು. ಕುತ್ತಿಗೆಯ ನರಕ್ಕೆ ಸೂಜಿ ಹಾಕಿ, ಎದೆಗೆ ಕೊಳವೆಯಿಟ್ಟು ಬಡಿತ ಆಲಿಸುತ್ತ, ಔಷಧವನ್ನು ಬಹಳ ನಿಧಾನವಾಗಿ ಬಿಟ್ಟರು. ಅವಸರ ಮಾಡಿದರೆ ಎದೆಯೇ ನಿಲ್ಲಬಹುದಂತೆ.

‘ಹಾಲುಜ್ವರಾನೇ ಹೌದಲ್ಲ ಕಾಕಾ?’ ಎಂದು ನಾನು ಪಿಸುಗುಟ್ಟಿದೆ.

‘ಗೊತ್ತಿಲ್ಲವ್ವಾ. ಇರ್ಬಹುದು. ಹಚ್ಚಿ ನೋಡಾಮಿ. ಎದ್ದರ ಅದೇ. ಏಳಲಿಲ್ಲಂದ್ರ ಮತ್ತೊಂದು ವಿಚಾರ ಮಾಡಾಮಿ.’

ಆ ‘ಗೊತ್ತಿಲ್ಲ’ದ ಸುತ್ತ ನಾವೆಲ್ಲ ಕುಳಿತಿದ್ದೆವು. ಯಂತ್ರದ ‘ನೋ’ ಖಾಲಾಳನ್ನು ಕುರ್ಚಿಯಿಂದ ಎಬ್ಬಿಸಿ ಹೊರಗೆ ಕಳಿಸಿತ್ತು. ಡಾಕ್ಟರರ ‘ಗೊತ್ತಿಲ್ಲ’ ಅವಳನ್ನು ಎಮ್ಮೆಯ ತಲೆಯ ಬಳಿ ಕೂರಿಸಿ, ಅದರ ಹಣೆ ನೀವಿಸುತ್ತಿತ್ತು. ಬರೆ ಹಾಕಲು ನಿಂತವನ ಕೈಗೆ ಬಾಟಲಿ ಕೊಟ್ಟಿತ್ತು. ನನಗೆ ಗೊತ್ತಿಲ್ಲ ಎಂದ ಮನುಷ್ಯ ಅಲ್ಲಿಂದ ಎದ್ದು ಹೋಗುವುದಿಲ್ಲ, ಮುಂದೇನಾಗುತ್ತದೆಂದು ನೋಡುತ್ತ ಕೂರುತ್ತಾನೆ. ನನಗೆ ಆ ಮಧ್ಯಾಹ್ನ ತರ್ಕದ ಮೇಲೆ ಸಿಟ್ಟು ಬರಲಿಲ್ಲ. ನಾನು ಅದಕ್ಕೆ ಕಲಿಸದೆ ಬಿಟ್ಟ ಅತಿ ಮುಖ್ಯವಾದ ಮಾತು ಯಾವುದೆಂದು ತಿಳಿದು ಖುಷಿಯೇ ಆಯಿತು.

ಮುಂದೆ ನಾನು ಅದನ್ನು ತಿದ್ದಿದೆ. ಯಾರ ಮನೆಗೆ ಹಾಲು ಹಾಕುತ್ತೀರೆಂಬ ಪ್ರಶ್ನೆ ಸೇರಿಸಿದೆ. ಚಿಂಚೋಳಿಯ ತಾಂಡಾಗಳಲ್ಲಿ ಹಾಲು ಮಾರದೆ ತುಪ್ಪ ಕಾಸುತ್ತಾರೆಂದು ಕಾಕಾ ಹೇಳಿದಾಗ ತುಪ್ಪದ ಪ್ರಶ್ನೆ ಬಂತು. ಬೀಗರ ಎಮ್ಮೆಯ ಹಾಲನ್ನೂ ಸೇರಿಸಿ ಮಾರುವವರಿದ್ದಾರೆಂದು ತಿಳಿದಾಗ ಇನ್ನೊಂದು. ಒಂದು ನಿಯಮಕ್ಕೆ ಒಂದು ವಿನಾಯಿತಿ, ವಿನಾಯಿತಿಗೊಂದು ವಿನಾಯಿತಿ. ಯಾವ ನಿಯಮವೂ ಹೊಂದದ ಕಡೆ ‘ನೋ’ ತೆಗೆದು, ‘ನನಗೆ ತಿಳಿಯಲಿಲ್ಲ, ಡಾಕ್ಟರನ್ನು ಕರೆಯಿರಿ, ದನದ ಹತ್ತಿರ ಯಾರಾದರೂ ಇರಿ’ ಎಂದು ಬರೆದೆ. ಕಾಕಾ ಅದನ್ನು ಓದಿ ಗಡ್ಡ ಕೆರೆದುಕೊಂಡು, ‘ಈಗ ಇದು ಅರ್ಧ ಡಾಕ್ಟರ್ ಆಯ್ತು ನೋಡು’ ಎಂದರು. ಅದಕ್ಕಿಂತ ಹೆಚ್ಚಾಗಿ ನನಗೆ ಹಿಡಿಸಿದ್ದು ಅವರ ಇನ್ನೊಂದು ಮಾತು: ‘ನಾ ಹಾಂಗ ಸುತ್ತುಹಾಕಿ ಕೇಳ್ತೀನಿ ಅಂತ ನನಗೇ ಗೊತ್ತಿರಲಿಲ್ಲವ್ವಾ. ನಿನ್ ಮಷೀನು ಎಡವಿದ್ದಕ್ಕ ತಿಳೀತು.’ ಆ ಕೆಲಸ ಪೂರ್ತಿಯಾಗಲಿಲ್ಲ. ಆದರೆ ಅದು ಎಡವಿದಲ್ಲೆಲ್ಲ ನಾವು ಬಗ್ಗಿ ನೋಡಿದೆವು, ಪ್ರತಿ ಸಲವೂ ನಮಗೆ ಗೊತ್ತಿದ್ದೂ ಗೊತ್ತಿರದಿದ್ದ ಏನಾದರೊಂದು ಸಿಕ್ಕಿತು. ಇನ್ನೂ ಜಾಣ ಯಂತ್ರಗಳು ಬರುತ್ತವೆ, ಬರಲಿ. ಅವುಗಳಿಗೂ ಎಡವುವ ಭಾಗ್ಯವಿರಲಿ, ಬಗ್ಗಿ ನೋಡುವವರು ಪಕ್ಕದಲ್ಲಿರಲಿ ಎಂದು ನಾನು ಮನಸಾರೆ ಹಾರೈಸುತ್ತೇನೆ.

ಆದರೆ ಆ ಅಂಗಳದಲ್ಲಿ ಈ ತಿದ್ದುಪಡಿಗಳಾವುವೂ ಇನ್ನೂ ಹುಟ್ಟಿರಲಿಲ್ಲ. ಬಾಟಲಿ ಅರ್ಧಕ್ಕಿಳಿದಿತ್ತು. ಖಾಲಾ ತುಟಿಯಲ್ಲೇ ಏನೋ ಬೇಡಿಕೊಳ್ಳುತ್ತಿದ್ದಳು. ಮೊದಲು ರಾಣಿಯ ತೊಡೆಯ ಮೇಲೆ ಒಂದು ನಡುಕ ಓಡಿತು. ಆಮೇಲೆ ಅದು ಇಡೀ ಓಣಿಗೆ ಕೇಳುವಂಥ ಒಂದು ತೇಗು ತೇಗಿತು. ಗೋಡೆಯ ಆಚೆ ನಿಂತಿದ್ದವರು ನಕ್ಕರು, ಕಾಕಾ ಮಾತ್ರ ಕೊಳವೆಯನ್ನು ಕಿವಿಯಿಂದ ತೆಗೆಯಲಿಲ್ಲ. ಬಾಟಲಿ ಮುಗಿಯಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಮೈದುನ ಖಾಲಿ ಬಾಟಲಿಯನ್ನು ಇನ್ನೂ ಎತ್ತಿ ಹಿಡಿದೇ ನಿಂತಿದ್ದ. ಆಗ ರಾಣಿ ಕುತ್ತಿಗೆಯನ್ನು ನೆಟ್ಟಗೆ ಮಾಡಿ, ಸುತ್ತ ಇಷ್ಟು ಜನ ಯಾಕೆ ಸೇರಿದ್ದಾರೆಂದು ಬೇಸರಪಟ್ಟುಕೊಂಡಂತೆ ನೋಡಿ, ಹಿಂಗಾಲೂರಿ, ಒಮ್ಮೆ ತೂರಾಡಿ, ಎದ್ದು ನಿಂತಿತು.

ಖಾಲಾ ಅದರ ಕೊರಳಿಗೆ ಜೋತುಬಿದ್ದು ಜೋರಾಗಿ ಅತ್ತಳು. ನಾನೂ ಅತ್ತೆ, ನಾಚಿಕೆಯೇನಿಲ್ಲ. ಮೈದುನ ಕರುವನ್ನು ಬಿಚ್ಚಿ ತಂದು ಕೆಚ್ಚಲಿಗೆ ಬಿಟ್ಟ. ‘ಇವತ್ತು ಪೂರಾ ಹಿಂಡಬ್ಯಾಡ್ರಿ, ಕೆಚ್ಚಲದಾಗ ಸ್ವಲ್ಪ ಹಾಲು ಉಳೀಲಿ’ ಎಂದು ಕಾಕಾ ಹೇಳುತ್ತಿರುವಾಗ, ಗೋಡೆಯ ಆಚೆಯಿಂದ ಯಾರೋ ಕೇಳಿದರು: ‘ಖಾಲಾ, ನಮ್ಮನಿಗಿ ಹಾಲು ಯಾವಾಗಿಂದ?’

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಲ ಅಲ್ಲಾಡಿಸುತ್ತ ಹಾಲು ಕುಡಿಯುತ್ತಿದ್ದ ಕರುವಿನ ಬೆನ್ನ ಮೇಲೆ ಕೈಯಿಟ್ಟು, ಆ ದಿನ ನಾನು ಕೇಳಿದವುಗಳಲ್ಲೆಲ್ಲ ಅತ್ಯಂತ ಸಂತೋಷದ ದನಿಯಲ್ಲಿ ಹೇಳಿದಳು: ‘ಈ ವಾರ ಇಲ್ಲ! ಯಾರಿಗೂ ಇಲ್ಲ. ಮೊದಲ ಇದರ ಹೊಟ್ಟಿ ತುಂಬಲಿ.’